ಹಳೆ ಮನೆಗೆ ಹೊಸ ಕೋಣೆ: ಕಲ್ಲು ಇಳಿಸುವ ಮೊದಲು ಪ್ಲಾನು ನೋಡಿ

ಕಾಸರಗೋಡು: ಮಳೆ ಬಿಟ್ಟು ಅಡಿಕೆ ಅಂಗಳಕ್ಕೆ ಬಿಸಿಲು ಬಿದ್ದ ಕೂಡಲೇ ಗಡಿನಾಡಿನ ಹಳ್ಳಿಗಳಲ್ಲಿ ಮನೆ ಕೆಲಸ ಶುರುವಾಗುತ್ತದೆ. ಹೊಸ ಮನೆ ಕಟ್ಟುವವರು ಒಂದೆಡೆಯಾದರೆ, ಇದ್ದ ಹಂಚಿನ ಮನೆಗೆ ಒಂದು ಕೋಣೆ ಸೇರಿಸುವವರು, ಹೊರಗಿನ ಬಚ್ಚಲನ್ನು ಒಳಗೆ ತರುವವರು, ಎದುರಿನ ಜಗಲಿಯನ್ನು ಸಿಟೌಟ್ ಮಾಡುವವರು ಇನ್ನೊಂದೆಡೆ. ಇವರಲ್ಲಿ ಹೆಚ್ಚಿನವರು ಮೊದಲು ಮಾತನಾಡುವುದು ಮೇಸ್ತ್ರಿಯೊಡನೆ. ಎರಡನೆಯದಾಗಿ ಕೆಂಪುಕಲ್ಲಿನ ಲೋಡಿಗೆ ಹೇಳಿಬಿಡುತ್ತಾರೆ. ಪಂಚಾಯತಿಗೆ ಕೊಡಲು ಒಂದು ಪ್ಲಾನು ಬೇಕಲ್ಲವೇ ಎಂದು ನೆನಪಾಗುವಾಗ ಪಂಚಾಂಗ ಎದ್ದಾಗಿರುತ್ತದೆ. ಆಮೇಲೆ ಬರುವ ಎಂಜಿನಿಯರು ಕಟ್ಟಿದ್ದಕ್ಕೆ ತಕ್ಕಂತೆ ಗೆರೆ ಎಳೆದು ಕೊಡಬೇಕಾಗುತ್ತದೆ. ಗೆರೆ ಹೊಂದಿದರೆ ಸರಿ, ಹೊಂದದಿದ್ದರೆ ಹೊಸ ಕೋಣೆಗೆ ನಂಬ್ರ ಸಿಗದೆ ವರ್ಷಗಟ್ಟಲೆ ಅಲೆದಾಟ.

ಈ ಕ್ರಮ ಹಿಂದುಮುಂದಾಗಬೇಕು ಎಂಬುದು ಹಳೆಯ ಮಾತೇ. ಆದರೆ ಈಗ ಅದಕ್ಕೆ ಹೊಸ ಕಾರಣವೊಂದು ಸೇರಿಕೊಂಡಿದೆ. ಕೇರಳದಲ್ಲಿ 2023ರ ಏಪ್ರಿಲ್‌ನಿಂದ ನಗರಸಭೆಗಳಲ್ಲಿ 300 ಚದರ ಮೀಟರ್ ಒಳಗಿನ, ಅಪಾಯ ಕಡಿಮೆ ಎಂದು ವರ್ಗೀಕರಿಸಿದ ಮನೆಗಳಿಗೆ ಸ್ವಯಂ ದೃಢೀಕರಣದ ಮೇಲೆ ಪರ್ಮಿಟ್ ಕೊಡುವ ಪದ್ಧತಿ ಬಂತು. ಬಳಿಕ ಅದು ಗ್ರಾಮ ಪಂಚಾಯತುಗಳಿಗೂ ಬಂತು. ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆ 2024ರ ಜನವರಿ 1ರಂದು ನಗರಸಭೆಗಳಲ್ಲಿ, 2025ರ ಏಪ್ರಿಲ್‌ನಲ್ಲಿ ಗ್ರಾಮ ಪಂಚಾಯತುಗಳಲ್ಲಿ ಜಾರಿಯಾಯಿತು. ಪ್ಲಾನು ನಿಯಮಕ್ಕೆ ಸರಿಯಾಗಿದೆ ಎಂದು ಲೈಸೆನ್ಸ್ ಇರುವ ಎಂಜಿನಿಯರ್ ಅಥವಾ ಡಿಸೈನರ್ ಬರೆದುಕೊಟ್ಟರೆ, ಮನೆಯವರು ಸಹಿ ಹಾಕಿದರೆ, ಪರ್ಮಿಟ್ ಬೇಗನೆ ಕೈಸೇರುತ್ತದೆ. ಅನುಕೂಲವೇನೋ ಹೌದು. ಆದರೆ ಮೊದಲು ಪಂಚಾಯತಿನವರು ಸ್ಥಳಕ್ಕೆ ಬಂದು ನೋಡಿ "ಇದು ಆಗುವುದಿಲ್ಲ" ಎನ್ನುತ್ತಿದ್ದ ಘಟ್ಟವೇ ಈಗ ಇಲ್ಲದಾಗಿದೆ. ತಪ್ಪು ಹೊರಬೀಳುವುದು ಮನೆ ಮುಗಿದ ಮೇಲೆ. ಅದರ ಹೊಣೆ ಪ್ಲಾನು ಮಾಡಿದವರದ್ದು ಮಾತ್ರವಲ್ಲ, ಸಹಿ ಹಾಕಿದ ಮನೆಯವರದ್ದೂ ಹೌದು. ಹಾಗಾಗಿ ಪ್ಲಾನು ಯಾರಿಂದ ಮಾಡಿಸಬೇಕು, ಅವರಿಂದ ಏನೇನು ಕೇಳಿ ಪಡೆಯಬೇಕು ಎಂಬುದು ಹಿಂದೆಂದಿಗಿಂತಲೂ ಮುಖ್ಯ.

ಪರ್ಮಿಟಿನ ಪ್ಲಾನು ಬೇರೆ, ಕೆಲಸದ ಪ್ಲಾನು ಬೇರೆ

ಪೇಟೆಯಲ್ಲಿ "ಪ್ಲಾನು ಮಾಡಿ ಕೊಡಲಾಗುವುದು" ಎಂಬ ಬೋರ್ಡು ಕಂಡು ಒಳಹೊಕ್ಕವರಿಗೆ ಸಿಗುವುದು ಸಾಮಾನ್ಯವಾಗಿ ಪರ್ಮಿಟಿನ ಪ್ಲಾನು. ಜಾಗದ ಗಡಿ, ರಸ್ತೆ, ಬಾವಿ, ಶೌಚಗುಂಡಿ, ಮನೆಯ ಹೊರ ಅಳತೆ, ಕೋಣೆಗಳ ವಿಸ್ತೀರ್ಣ, ಎದುರಿನ ನೋಟ, ಒಂದು ಕೊಯ್ತದ ನೋಟ ಇಷ್ಟು ಅದರಲ್ಲಿರುತ್ತದೆ. ನಿಯಮ ಪಾಲಿಸಲಾಗಿದೆ ಎಂದು ಕಚೇರಿಗೆ ತೋರಿಸಲು ಇದು ಸಾಕು, ಮನೆ ಕಟ್ಟಲು ಸಾಲದು. ಎಲ್ಲಿ ಎಷ್ಟು ಕಬ್ಬಿಣ, ಲಿಂಟಲ್ ಎಷ್ಟು ಎತ್ತರಕ್ಕೆ, ಹಳೆ ಮಾಡಿಗೆ ಹೊಸ ಮಾಡು ಎಲ್ಲಿ ಸೇರಬೇಕು, ನೀರಿನ ಪೈಪು ಯಾವ ಗೋಡೆಯಲ್ಲಿ ಎಂಬ ವಿವರಗಳಿರುವುದು ಕೆಲಸದ ಪ್ಲಾನಿನಲ್ಲಿ. ಅದು ಇಲ್ಲದಿದ್ದರೆ ಇವೆಲ್ಲವನ್ನೂ ಮೇಸ್ತ್ರಿ ಆ ಹೊತ್ತಿಗೆ ತೋಚಿದಂತೆ ತೀರ್ಮಾನಿಸುತ್ತಾರೆ. ಒಳ್ಳೆಯ ಮೇಸ್ತ್ರಿಯಾದರೆ ಮನೆಯವರ ಅದೃಷ್ಟ.

ಹಳೆ ಮನೆಗೆ ಸೇರಿಸುವ ಕೆಲಸವಾದರೆ ಇವೆರಡಕ್ಕೂ ಮೊದಲು ಇನ್ನೊಂದು ನಕ್ಷೆ ಬೇಕು: ಈಗ ಇರುವ ಮನೆ ಇದ್ದ ಹಾಗೆ. ಗೋಡೆಯ ದಪ್ಪ, ಮೂಲೆಗಳು ನೇರವಿವೆಯೇ, ನೆಲದ ಮಟ್ಟ, ಮಾಡಿನ ಇಳಿಜಾರು, ಕಿಟಕಿಗಳ ಸ್ಥಾನ ಎಲ್ಲವನ್ನೂ ಅಳೆದು ಬರೆದ ನಕ್ಷೆ. ಅರ್ಧ ದಿನದ ಕೆಲಸ ಅಷ್ಟೇ. ಮನೆಯ ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತು ಟೇಪು ಹಿಡಿದು ಹೊರಟುಹೋಗುವವರ ಪ್ಲಾನಿನಲ್ಲಿ ಹೊಸ ಬಾಗಿಲು ಹಳೆ ಮನೆಯ ಕಿಟಕಿಯ ಜಾಗಕ್ಕೆ ಬರುವುದು ಅಪರೂಪವಲ್ಲ.

ಹಳೆ ಗೋಡೆ ಏನನ್ನು ಹೊರುತ್ತದೆ

ಈ ಭಾಗದ ಹಳೆ ಮನೆಗಳ ಗೋಡೆ ಕೆಂಪುಕಲ್ಲಿನದು, ಇಲ್ಲವೇ ಮಣ್ಣಿನದು. ಕೆಂಪುಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಬಂದದ್ದು ಕೂಡ ಮಲಬಾರಿನ ಅಂಗಡಿಪ್ಪುರದ ಕಲ್ಲಿನಿಂದಲೇ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ವರದಿಯಲ್ಲಿ ಅದನ್ನು ವಿವರಿಸಿದ. ಪಣೆಯಲ್ಲಿ ಕಡಿಯುವಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ, ಅದು ಈ ಕಲ್ಲಿನ ಗುಣ. ಆದರೆ ಗೋಡೆಯ ಬಲ ಕಲ್ಲಿನಿಂದ ಮಾತ್ರ ಬರುವುದಿಲ್ಲ, ನಡುವಿನ ಗಾರೆಯೂ ಲೆಕ್ಕಕ್ಕೆ ಬರುತ್ತದೆ. ಐವತ್ತು ಅರವತ್ತು ವರ್ಷ ಹಿಂದಿನ ಮನೆಗಳಲ್ಲಿ ಕಲ್ಲನ್ನು ಮಣ್ಣಿನಲ್ಲೇ ಕೂರಿಸಿರುವುದುಂಟು. ಹೊರಗೆ ಸಿಮೆಂಟು ಸಾರಣೆ ಇದ್ದರೆ ಒಳಗಿನದು ಕಾಣುವುದಿಲ್ಲ.

ಅಂಥ ಗೋಡೆ ಹಂಚಿನ ಮಾಡನ್ನು ತಲೆಮಾರುಗಳ ಕಾಲ ಹೊತ್ತಿದೆ ಎಂದು ಅದರ ಮೇಲೆ ಕಾಂಕ್ರೀಟ್ ಹಾಕಿ ಉಪ್ಪರಿಗೆ ಎಬ್ಬಿಸಲಾಗದು. ಲೆಕ್ಕ ಹೀಗಿದೆ. ಹತ್ತು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಸ್ಲ್ಯಾಬಿನ ತೂಕ ಚದರ ಮೀಟರಿಗೆ ಸುಮಾರು 250 ಕಿಲೋ. ಮಂಗಳೂರು ಹಂಚು, ರೀಪು ಎಲ್ಲ ಸೇರಿದರೂ ಅದರ ಮೂರನೇ ಒಂದು ಭಾಗ ಆಗುವುದಿಲ್ಲ. 12 ಅಡಿಗೆ 14 ಅಡಿಯ ಒಂದು ಕೋಣೆಗೆ ಹಂಚಿನ ಭಾರ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚಾದರೆ, ಸ್ಲ್ಯಾಬಿನ ಭಾರ ನಾಲ್ಕು ಟನ್ನಿನ ಹತ್ತಿರ. ಅದರ ಮೇಲೆ ಗೋಡೆ, ಇನ್ನೊಂದು ಸ್ಲ್ಯಾಬು, ನೀರಿನ ಟ್ಯಾಂಕಿ, ಜನ. ಹಳೆ ಪಂಚಾಂಗ ಎಷ್ಟು ಆಳಕ್ಕಿದೆ ಎಂದು ಒಂದು ಮೂಲೆಯಲ್ಲಾದರೂ ಅಗೆದು ನೋಡದೆ "ಆಗುತ್ತದೆ" ಎಂದು ಹೇಳುವ ಎಂಜಿನಿಯರನ್ನು ನಂಬುವಂತಿಲ್ಲ. ಉಪ್ಪರಿಗೆ ಬೇಕೇ ಬೇಕೆಂದಾದರೆ ಹಳೆ ಗೋಡೆಗೆ ಭಾರ ಬೀಳದಂತೆ ಬೇರೆ ಕಂಬ ಎಬ್ಬಿಸುವ ದಾರಿ ಇದೆ. ಖರ್ಚು ಜಾಸ್ತಿ.

ಪಕ್ಕಕ್ಕೆ ಸೇರಿಸುವುದಾದರೆ ಇನ್ನೊಂದು ತೊಂದರೆ. ಹಳೆ ಗೋಡೆ ಇಳಿಯಬೇಕಾದಷ್ಟು ಇಳಿದು ನಿಂತಾಗಿದೆ. ಹೊಸ ಪಂಚಾಂಗ ಒಂದೆರಡು ಮಳೆಗಾಲದಲ್ಲಿ ತುಸು ಇಳಿಯುತ್ತದೆ. ಎರಡನ್ನೂ ಬಿಗಿಯಾಗಿ ಕಚ್ಚಿಸಿ ಕಟ್ಟಿದರೆ ಸೇರಿದಲ್ಲಿ ಬಿರುಕು ಬಿಡುತ್ತದೆ. ಬಣ್ಣ ಬಳಿದರೂ ಮರುವರ್ಷ ಅದೇ ಗೆರೆ. ತಿಳಿದವರು ಅಲ್ಲಿ ಬೇಕೆಂದೇ ಒಂದು ಸಂದು ಬಿಟ್ಟು ಅದನ್ನು ಮುಚ್ಚುವ ವಿಧಾನವನ್ನು ನಕ್ಷೆಯಲ್ಲೇ ಬರೆಯುತ್ತಾರೆ.

ಇದಕ್ಕಿಂತಲೂ ಹೆಚ್ಚು ಮನೆಗಳನ್ನು ಕಾಡುವುದು ಮಳೆ ನೀರು. ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಹಂಚಿನ ಇಳಿಜಾರು ಹೊಸ ಕೋಣೆಯ ಗೋಡೆಗೆ ಬಂದು ನಿಂತರೆ ಎರಡರ ನಡುವೆ ತಗ್ಗು ಉಂಟಾಗಿ ತರಗೆಲೆ ತುಂಬಿ ನೀರು ಒಳಗೆ ಬರುತ್ತದೆ. ಶೀಟು, ತಗಡು, ಟಾರು ಏನು ಹಾಕಿದರೂ ಆಷಾಢದಲ್ಲಿ ಒಂದು ಬಾಲ್ದಿ ಇಡುವುದು ತಪ್ಪುವುದಿಲ್ಲ. ಹೊಸ ಕೋಣೆಯನ್ನು ಇಳಿಜಾರಿನ ತುದಿಗೆ ಇಡದೆ ಮಾಡಿನ ಕೋಡಿನ ಬದಿಗೆ ಇಟ್ಟರೆ, ಇಲ್ಲವೇ ಹಳೆ ಮಾಡನ್ನೇ ಅದೇ ಇಳಿಜಾರಿನಲ್ಲಿ ಮುಂದಕ್ಕೆ ಎಳೆದರೆ ಈ ತಗ್ಗೇ ಇರುವುದಿಲ್ಲ. ಇಂಥದ್ದನ್ನು ಕಾಗದದ ಮೇಲೆ ಬದಲಿಸಲು ಹತ್ತು ನಿಮಿಷ ಸಾಕು. ಹಾಗೆಯೇ, ಎದುರು ಸೇರಿಸಿದ ಕೋಣೆ ಚಾವಡಿಯ ಕಿಟಕಿಗಳನ್ನು ಮುಚ್ಚಿ ಹಗಲಿನಲ್ಲೇ ಲೈಟು ಹಾಕಬೇಕಾದ ಮನೆಗಳು ಪ್ರತಿ ಊರಲ್ಲೂ ಇವೆ. ಅಳತೆ ಮಾಡಿದ ನಕ್ಷೆ ಮುಂದಿದ್ದರೆ ಇದು ಮೊದಲೇ ಕಾಣಿಸುತ್ತದೆ.

ಕನ್ನಿಮೂಲೆ, ಅಗ್ನಿಮೂಲೆ ನೋಡುವ ಮನೆಯವರು ಅದನ್ನು ಡಿಸೈನರಿಗೆ ಮೊದಲ ದಿನವೇ ಹೇಳುವುದು ಒಳ್ಳೆಯದು. ಪರ್ಮಿಟ್ ಬಂದ ಮೇಲೆ ವಾಸ್ತುವಿನವರನ್ನು ಕರೆಸಿ ಶೌಚಾಲಯವನ್ನು ಆಚೆ ಬದಿಗೆ ಸರಿಸಿದರೆ, ಶೌಚಗುಂಡಿಯೂ ಸರಿದು ಬಾವಿಗೆ ಹತ್ತಿರವಾಗಬಹುದು. ಕುಡಿಯುವ ನೀರಿನ ಬಾವಿಯಿಂದ ಶೌಚಗುಂಡಿಗೆ ಕಡಿಮೆಯೆಂದರೆ 7.5 ಮೀಟರ್ ದೂರ ಬೇಕೆಂದು ನಿಯಮ ಹೇಳುತ್ತದೆ. ಪಕ್ಕದ ಮನೆಯವರ ಬಾವಿಗೂ ಇದೇ ಲೆಕ್ಕ ಎಂಬುದನ್ನು ಹಲವರು ಮರೆಯುತ್ತಾರೆ.

ದಾಖಲೆಯಲ್ಲಿ ಜಾಗದ ಹೆಸರೇನು

ಮನೆ ನಿಂತಿರುವ ಜಾಗವನ್ನು ಕಂದಾಯ ದಾಖಲೆ ಏನೆಂದು ಕರೆಯುತ್ತದೆ ಎಂಬುದನ್ನು ಡಿಸೈನರು ಮೊದಲು ಕೇಳಬೇಕು. ಕೇಳದಿದ್ದರೆ ಮನೆಯವರೇ ಹೇಳಬೇಕು. 1956ರ ನವೆಂಬರ್ 1ರ ತನಕ ಇದು ದಕ್ಷಿಣ ಕನ್ನಡದ ತಾಲೂಕು; ಹಳೆ ಕಾಗದಗಳಲ್ಲಿ ನಂಜ, ಪುಂಜ, ಬಾಗಾಯ್ತು ಎಂದಿರುತ್ತದೆ. ಈಗಿನ ಕಚೇರಿ ಭಾಷೆಯಲ್ಲಿ 'ನಿಲಂ' ಎಂದರೆ ಗದ್ದೆ, 'ಪುರಯಿಡಂ' ಎಂದರೆ ಮನೆ ಕಟ್ಟಬಹುದಾದ ಒಣ ಜಾಗ. ಕಣ್ಣಿಗೆ ಅಡಿಕೆ ತೋಟ ಕಂಡರೂ ದಾಖಲೆಯಲ್ಲಿ ನಿಲಂ ಆಗಿದ್ದರೆ 2008ರ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ.

ಗದ್ದೆಯ ಡೇಟಾ ಬ್ಯಾಂಕಿನಲ್ಲಿ ಹೆಸರಿದ್ದರೆ ಒಂದು ದಾರಿ, ಇಲ್ಲದಿದ್ದರೆ ಇನ್ನೊಂದು. ಒಣಗಿದ ಜಾಗ ತಪ್ಪಾಗಿ ಡೇಟಾ ಬ್ಯಾಂಕಿಗೆ ಸೇರಿದ್ದರೆ ಅದನ್ನು ತೆಗೆಸಲು ಫಾರಂ 5. ಡೇಟಾ ಬ್ಯಾಂಕಿನಲ್ಲಿಲ್ಲದೆ ದಾಖಲೆಯಲ್ಲಿ ಮಾತ್ರ ನಿಲಂ ಎಂದಿದ್ದರೆ, 50 ಸೆಂಟ್ಸ್ ತನಕ ಫಾರಂ 6. ನಿಜವಾದ ಗದ್ದೆಯಲ್ಲೇ ಸ್ವಂತ ವಾಸಕ್ಕೆ ಮನೆ ಕಟ್ಟಲು ಬೇರೆ ಜಾಗವಿಲ್ಲದವರಿಗೆ ಪಂಚಾಯತು ವ್ಯಾಪ್ತಿಯಲ್ಲಿ 10 ಸೆಂಟ್ಸ್, ನಗರಸಭೆಯಲ್ಲಿ 5 ಸೆಂಟ್ಸ್ ತನಕ ಸಮಿತಿಯ ಮುಂದೆ ಅರ್ಜಿ ಹಾಕಲು ಅವಕಾಶವಿದೆ. ಇವುಗಳಿಗೆಲ್ಲ ಸಮಯ ಹಿಡಿಯುತ್ತದೆ. ಮದುವೆಯ ದಿನ ಗೊತ್ತಾದ ಮೇಲೆ ಶುರು ಮಾಡುವ ಕೆಲಸವಲ್ಲ.

ಗಡಿಯ ಅಳತೆಯೂ ಈಗ ಬಾಯಿಮಾತಿನಲ್ಲಿ ನಡೆಯದು. ಕೇರಳದಲ್ಲಿ ಡಿಜಿಟಲ್ ಸರ್ವೆ 2022ರ ನವೆಂಬರ್ 1ರಂದು ಶುರುವಾಯಿತು. 'ಎಂಡೆ ಭೂಮಿ' ಪೋರ್ಟಲ್ 2024ರ ಅಕ್ಟೋಬರ್‌ನಲ್ಲಿ ಮೊದಲು ಜಾರಿಯಾದದ್ದು ಇದೇ ಜಿಲ್ಲೆಯ ಉಜಾರು ಉಳುವಾರು ಗ್ರಾಮದಲ್ಲಿ. ಮರುಸರ್ವೆ ಆದ ಗ್ರಾಮಗಳಲ್ಲಿ ಹಳೆ ಸರ್ವೆ ನಂಬ್ರ ಹಾಕಿದ ಪ್ಲಾನು ನಡೆಯುವುದಿಲ್ಲ.

ಜಾಗ ಇನ್ನೂ ತಂದೆಯ ಅಥವಾ ದೊಡ್ಡಪ್ಪನ ಹೆಸರಿನಲ್ಲೇ ಇದ್ದು ಪಾಲಾಗದಿದ್ದರೆ ಇನ್ನೊಂದು ತೊಡಕು. ಪರ್ಮಿಟ್ ಸಿಗುವುದು ದಾಖಲೆಯಲ್ಲಿ ಹಕ್ಕು ಇರುವವರಿಗೆ. ಕಿರಿಯ ಮಗ ಗಲ್ಫಿನಿಂದ ಕಳಿಸಿದ ಹಣದಲ್ಲಿ ಕೋಣೆ ಸೇರಿಸಿ, ಆಮೇಲೆ ಪಾಲಿನ ಮಾತು ಬಂದಾಗ ಆ ಕೋಣೆ ಯಾರದ್ದು ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ. ಭಾಗಪತ್ರವೋ ದಾನಪತ್ರವೋ ಮೊದಲು ಆಗಲಿ.

ಅರ್ಜಿಯಲ್ಲಿ ಕಾಣುವ ಮಲಯಾಳ ಪದಗಳನ್ನೂ ತಿಳಿದಿದ್ದರೆ ಒಳ್ಳೆಯದು. 'ಕೂಟ್ಟಿಚ್ಚೇರ್ಕಲ್' ಎಂದರೆ ಇದ್ದ ಮನೆಗೆ ಸೇರಿಸುವುದು. 'ವಿನಿಯೋಗ ಮಾಟ್ಟಂ' ಎಂದರೆ ಬಳಕೆಯ ಬದಲಾವಣೆ. 'ತರಂ ಮಾಟ್ಟಲ್' ಎಂದರೆ ಭೂಮಿಯ ವರ್ಗ ಬದಲಾವಣೆ. 'ಆಧಾರಂ' ತನ್ನಿ ಎಂದರೆ ಜಾಗದ ದಸ್ತಾವೇಜು ಎಂದರ್ಥ. ಆಧಾರ್ ಕಾರ್ಡು ಹಿಡಿದು ಹೋಗಿ ವಾಪಸು ಬಂದವರಿದ್ದಾರೆ.

ಅಳತೆಯ ಲೆಕ್ಕ, ತೆರಿಗೆಯ ಲೆಕ್ಕ

ಆಚಾರಿಯ ಲೆಕ್ಕ ಕೋಲು, ಅಂಗುಲದಲ್ಲಿ. ಒಂದು ಕೋಲಿಗೆ 72 ಸೆಂಟಿಮೀಟರ್. ಮನೆಯವರದ್ದು ಚದರಡಿ ಮತ್ತು ಸೆಂಟ್ಸ್. ಪಂಚಾಯತಿನದ್ದು ಚದರ ಮೀಟರ್, ವಿಲ್ಲೇಜ್ ಆಫೀಸಿನದ್ದು ಆರ್. ನಾಲ್ಕು ಜನ ನಾಲ್ಕು ಭಾಷೆಯಲ್ಲಿ ಮಾತನಾಡಿದಂತೆ. ಒಂದು ಸೆಂಟ್ ಎಂದರೆ 40.47 ಚದರ ಮೀಟರ್, 100 ಚದರ ಮೀಟರ್ ಎಂದರೆ 1076 ಚದರಡಿ ಎಂಬುದನ್ನು ನೆನಪಿಟ್ಟರೆ ಬೇಕಾದಷ್ಟಾಯಿತು.

ಈ 100 ಚದರ ಮೀಟರಿಗೆ ಮಹತ್ವವಿದೆ. 1975ರ ಕೇರಳ ಕಟ್ಟಡ ತೆರಿಗೆ ಕಾಯ್ದೆಯಂತೆ ವಾಸದ ಮನೆಯ ವಿಸ್ತೀರ್ಣ 100 ಚದರ ಮೀಟರ್ ದಾಟಿದರೆ ಕಂದಾಯ ಇಲಾಖೆಗೆ ಒಮ್ಮೆ ಕಟ್ಟಬೇಕಾದ ತೆರಿಗೆ ಬೀಳುತ್ತದೆ. ಪಂಚಾಯತು ವರ್ಷ ವರ್ಷ ವಸೂಲು ಮಾಡುವ ತೆರಿಗೆ ಇದಲ್ಲ. 278.7 ಚದರ ಮೀಟರ್, ಅಂದರೆ 3000 ಚದರಡಿ ಮುಟ್ಟಿದರೆ ವರ್ಷಂಪ್ರತಿ ಲಕ್ಷುರಿ ತೆರಿಗೆ ಬೇರೆ. ಮನೆ ಸಣ್ಣದಿದ್ದು ಆಮೇಲೆ ಸೇರಿಸಿದರೆ ಹಳೆಯದು ಹೊಸದು ಕೂಡಿಸಿ ಲೆಕ್ಕ ಹಾಕುತ್ತಾರೆ. ಮೊದಲು ಕಟ್ಟಿದ ತೆರಿಗೆ ಇದ್ದರೆ ಅದನ್ನು ಕಳೆಯುತ್ತಾರೆ. ಉದಾಹರಣೆಗೆ 2000ದ ಸುಮಾರಿಗೆ ಕಟ್ಟಿದ 980 ಚದರಡಿಯ ಮನೆ 91 ಚದರ ಮೀಟರ್. ಅದಕ್ಕೆ 12 ಅಡಿಗೆ 14 ಅಡಿಯ ಕೋಣೆ ಸೇರಿದರೆ 106 ದಾಟುತ್ತದೆ. ಅದೇ ಕೋಣೆ 10 ಅಡಿಗೆ 9 ಅಡಿಯಾದರೆ ಮಿತಿಯೊಳಗೆ ಉಳಿಯುತ್ತದೆ. ದೊಡ್ಡ ಕೋಣೆಯೇ ಬೇಕೆಂದರೆ ತೆರಿಗೆ ಕಟ್ಟಿದರಾಯಿತು, ಅದು ಮನೆಯವರ ಇಷ್ಟ. ಆದರೆ ತಹಶೀಲ್ದಾರರ ನೋಟೀಸು ಬಂದಾಗ ಮೊದಲ ಬಾರಿ ತಿಳಿಯುವಂತಾಗಬಾರದು. ಗ್ಯಾರೇಜು, ಸೌದೆ ಕೊಟ್ಟಿಗೆಗಳನ್ನು ಈ ಕಾಯ್ದೆಯಡಿ ಮನೆಯ ವಿಸ್ತೀರ್ಣಕ್ಕೆ ಸೇರಿಸುವುದಿಲ್ಲ.

ಪರ್ಮಿಟ್ ಶುಲ್ಕ 2023ರ ಏಪ್ರಿಲ್ 10ರಂದು ಒಮ್ಮೆಲೇ ಏರಿ ಗದ್ದಲವಾಗಿತ್ತು. 80 ಚದರ ಮೀಟರ್ ತನಕದ ಮನೆಗಳಿಗೆ ಆ ಏರಿಕೆ ತಟ್ಟಿರಲಿಲ್ಲ. 2024ರ ಆಗಸ್ಟ್ 1ರಿಂದ ಗ್ರಾಮ ಪಂಚಾಯತುಗಳಲ್ಲಿ 81ರಿಂದ 150 ಚದರ ಮೀಟರ್‌ವರೆಗಿನ ಮನೆಗೆ ಚದರ ಮೀಟರಿಗೆ 50 ರೂಪಾಯಿ ಇದ್ದದ್ದನ್ನು 25ಕ್ಕೆ ಇಳಿಸಲಾಯಿತು.

ಟೆರೇಸಿನ ಮೇಲೆ ಸೋರದಂತೆ ಶೀಟು ಹಾಕುವುದು ಒಂದು. ಆ ಶೀಟಿನ ಕೆಳಗೆ ಸುತ್ತ ಗೋಡೆ ಕಟ್ಟಿ ಬಾಗಿಲಿಡುವುದು ಇನ್ನೊಂದು. ಎರಡನೆಯದು ಕೋಣೆ, ವಿಸ್ತೀರ್ಣಕ್ಕೆ ಸೇರುತ್ತದೆ, ಪರ್ಮಿಟೂ ಬೇಕು.

ಮನೆ ಅಂಗಡಿಯಾಗುವಾಗ

ಹೆದ್ದಾರಿ 66 ಅಗಲವಾದ ಮೇಲೆ ತಲಪಾಡಿಯಿಂದ ಚೆಂಗಳದ ತನಕ ರಸ್ತೆ ಪಕ್ಕದ ಮನೆಗಳ ಎದುರಿನ ಕೋಣೆ ಅಂಗಡಿಯಾಗುವುದು ಸಹಜ. ಗೋಡೆ ಒಂದಿಂಚೂ ಬದಲಾಗದಿದ್ದರೂ ಬಳಕೆ ಬದಲಾದರೆ ಪಂಚಾಯತಿನ ಅನುಮತಿ ಬೇಕು. ವಾಹನ ನಿಲ್ಲಿಸುವ ಜಾಗದ ಲೆಕ್ಕ ಬೇರೆಯಾಗುತ್ತದೆ, ಕರೆಂಟಿನ ದರ ಮನೆಯದ್ದರಿಂದ ವ್ಯಾಪಾರದ್ದಕ್ಕೆ ಹೋಗುತ್ತದೆ. ರಾಷ್ಟ್ರೀಯ, ರಾಜ್ಯ ಹೆದ್ದಾರಿ, ಜಿಲ್ಲಾ ರಸ್ತೆ ಮತ್ತು ಪಂಚಾಯತು ಅಧಿಸೂಚನೆ ಹೊರಡಿಸಿದ ರಸ್ತೆಗಳ ಗಡಿಯಿಂದ 3 ಮೀಟರ್ ಒಳಗೆ ಕಟ್ಟಡ ಕೂಡದೆಂದು 1994ರ ಕೇರಳ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಹೆದ್ದಾರಿಗೆ ಜಾಗ ಹೋದ ಮೇಲೆ ಉಳಿದ ಅರ್ಧ ಮನೆಯನ್ನು ಸರಿಪಡಿಸುವವರು ಹೊಸ ಗಡಿಯಿಂದ ಅಳೆಯಬೇಕು. ಕಡಲ ಬದಿ ಮತ್ತು ಉಪ್ಪುನೀರು ಏರುವ ಹೊಳೆಗಳ ದಂಡೆಯವರಿಗೆ ಕರಾವಳಿ ನಿಯಂತ್ರಣ ವಲಯದ ನಿಯಮವೂ ಇದೆ.

ಯಾರನ್ನು ಕರೆಯಬೇಕು

ಆರ್ಕಿಟೆಕ್ಟ್ ಎಂಬ ಹೆಸರನ್ನು 1972ರ ಕಾಯ್ದೆಯಂತೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿದವರು ಮಾತ್ರ ಬಳಸಬಹುದು. ಆದರೆ ಆ ಕೆಲಸವನ್ನು ಬೇರೆಯವರು ಮಾಡಬಾರದೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರ ಮಾರ್ಚ್‌ನಲ್ಲಿ ಹೇಳಿದೆ. ಹಳ್ಳಿಯ ಸಣ್ಣ ಕೆಲಸಕ್ಕೆ ಆರ್ಕಿಟೆಕ್ಟೇ ಬೇಕೆಂದಿಲ್ಲ. ಕೇರಳದ ಸ್ಥಳೀಯಾಡಳಿತದಲ್ಲಿ ನೋಂದಣಿಯಾದ ಎಂಜಿನಿಯರ್, ಬಿಲ್ಡಿಂಗ್ ಡಿಸೈನರ್, ಸೂಪರ್‌ವೈಸರ್‌ಗಳೂ ತಮ್ಮ ತಮ್ಮ ದರ್ಜೆಯ ಮಿತಿಯಲ್ಲಿ ಪ್ಲಾನು ಸಲ್ಲಿಸಬಹುದು. ಗಡಿಯವರಿಗೆ ಇಲ್ಲೊಂದು ಎಚ್ಚರ. ಮಂಗಳೂರು, ಪುತ್ತೂರಿನ ಪರಿಚಯದ ಎಂಜಿನಿಯರ್ ಚಂದದ ಪ್ಲಾನು ಮಾಡಿಕೊಟ್ಟಾರು, ಆದರೆ ಅವರಿಗೆ ಕೇರಳದ ಲೈಸೆನ್ಸ್ ಇಲ್ಲದಿದ್ದರೆ ಅದನ್ನು ಇಲ್ಲಿ ಸಲ್ಲಿಸಲಾಗದು. ಆಮೇಲೆ ಇಲ್ಲಿಯವರೊಬ್ಬರು ಸಹಿಗೆಂದು ಬರುತ್ತಾರೆ, ಹಣ ಎರಡು ಕಡೆ ಹೋಗುತ್ತದೆ, ತಪ್ಪಾದರೆ ಇಬ್ಬರೂ ಇನ್ನೊಬ್ಬರತ್ತ ಬೊಟ್ಟು ಮಾಡುತ್ತಾರೆ.

ಮಾತುಕತೆಯಾಗುವಾಗಲೇ ಸಂಬಳ ಯಾವುದಕ್ಕೆ ಎಂದು ಬಿಡಿಸಿ ಬರೆಸಿಕೊಳ್ಳಬೇಕು. ಹಳೆ ಮನೆಯ ಅಳತೆ ಸೇರಿದೆಯೇ, ಕೆಲಸದ ಪ್ಲಾನು ಕೊಡುತ್ತಾರೆಯೇ, ಕೆಲಸ ನಡೆಯುವಾಗ ಎಷ್ಟು ಸಲ ಬರುತ್ತಾರೆ, ಬದಲಾಯಿಸಿದರೆ ಮತ್ತೆ ಹಣವೇ? ಕಡೆಗೆ ಕಂಪ್ಲೀಷನ್ ಪ್ಲಾನು ಮಾಡಿ ನಂಬ್ರ ಆಗುವ ತನಕ ಜೊತೆಗಿರುತ್ತಾರೆಯೇ ಎಂಬುದನ್ನು ಮುಖ್ಯವಾಗಿ ಕೇಳಬೇಕು. ಪರ್ಮಿಟ್ ತೆಗೆಸಿಕೊಟ್ಟ ಮೇಲೆ ಫೋನು ಎತ್ತದವರಿಗೆ ಪೂರ್ತಿ ಹಣ ಮೊದಲೇ ಕೊಟ್ಟಿರಬಾರದು. ಕಾಲು ಭಾಗವಾದರೂ ನಂಬ್ರದ ದಿನಕ್ಕೆ ಉಳಿಸಿಕೊಳ್ಳುವುದು ಜಾಣತನ. ಕಂಪ್ಯೂಟರಿನ ಬಣ್ಣದ ತ್ರೀಡಿ ಚಿತ್ರ ಕಂಡು ಮರುಳಾಗುವವರು ಆ ಹಣದಲ್ಲಿ ಒಂದು ಕೊಯ್ತದ ನಕ್ಷೆ ಹೆಚ್ಚು ಮಾಡಿಸಿದರೆ ಮೇಸ್ತ್ರಿಗೆ ಉಪಕಾರ.

ಕೆಲಸದ ನಡುವೆ ಕೋಣೆ ಒಂದಡಿ ಹಿಗ್ಗುವುದು, ಮೆಟ್ಟಿಲು ಹೊರಗೆ ಬರುವುದು ಇದ್ದದ್ದೇ. ಆಗಲೇ ಡಿಸೈನರಿಗೆ ತಿಳಿಸಿ ಪ್ಲಾನು ತಿದ್ದಿಸಬೇಕು. ಪರ್ಮಿಟಿಗೆ ಮೊದಲ ಅವಧಿ 5 ವರ್ಷ, ಮುಗಿಯುವ ಮೊದಲೇ ನವೀಕರಿಸಬಹುದು. ಪ್ಲಾನಿಗೂ ಕಟ್ಟಡಕ್ಕೂ ತಾಳೆಯಾಗದಿದ್ದರೆ ಸಿಗುವುದು ಯು.ಎ. ಎಂದು ಮುಂದೆ ಅಕ್ಷರ ಹಚ್ಚಿದ ತಾತ್ಕಾಲಿಕ ನಂಬ್ರ. ಅದಕ್ಕೆ ತೆರಿಗೆ ಮೂರು ಪಟ್ಟು, ಆ ಮನೆಯ ಮೇಲೆ ಸಾಲ ಕೇಳಿದರೆ ಬ್ಯಾಂಕಿನವರು ಹಿಂದೆ ಮುಂದೆ ನೋಡುತ್ತಾರೆ. ಕೆಲಸ ಮುಗಿದ ಕೂಡಲೇ ಕಂಪ್ಲೀಷನ್ ಪ್ಲಾನಿನೊಡನೆ ಅರ್ಜಿ ಹಾಕಿ, ನಂಬ್ರ ಬಂದ ಮೇಲೆ ಪರ್ಮಿಟ್, ಪ್ಲಾನು, ತೆರಿಗೆ ರಶೀದಿ ಮೂರನ್ನೂ ಜಾಗದ ದಸ್ತಾವೇಜಿನ ಜೊತೆಗೇ ಇಡಬೇಕು.